ಎತ್ತು, ಹಕ್ಕಿ ಮತ್ತು ನವಲಿ ಯಜಮಾನರು

ವಿಡಿಯೋ ಗೇಮ್ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ತೊಂಬತ್ತರ ದಶಕದ ಕೊನೆಗೆ ಗಂಗಾವತಿಯಲ್ಲಿ ನನ್ನದೊಂದು ಅಂಥ ಅಂಗಡಿ ಇತ್ತು. ಅಲ್ಲಿ ಎಲ್ಲರೂ ಕೇಳುತ್ತಿದ್ದುದು ಒಂದೇ ಆಟ. ಒಂದು ಎತ್ತು, ಅದರ ಬೆನ್ನ ಮೇಲೊಂದು ಬಿಳಿ ಹಕ್ಕಿ. ಎತ್ತು ಓಡಬೇಕು, ಗುಂಡಿ ಬಂದರೆ ಹಕ್ಕಿ ಎತ್ತನ್ನು ಕಾಲಲ್ಲಿ ಹಿಡಿದು ಹಾರಬೇಕು. ಕ್ಯಾಸೆಟ್ಟಿನ ಚೀಟಿ ಹರಿದಿದ್ದರಿಂದ ಆಟದ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಉಣ್ಣಿ

ಭತ್ತ ಮಾರಲು ಬಂದಿದ್ದ ನವಲಿಯ ರೈತರೊಬ್ಬರು ಬಾಗಿಲಲ್ಲೇ ನಿಂತು ಟೀವಿ ನೋಡುತ್ತಿದ್ದರು. ನಾನು ವಿವರಿಸಿದೆ, "ಎರಡೂ ಜೀವದ ಗೆಳೆಯಾರ್ರಿ ಯಜಮಾನ್ರ. ಅದಕ್ಕ ಹಕ್ಕಿ ಬೆನ್ನ ಬಿಟ್ಟು ಇಳಿಯಂಗಿಲ್ಲ."

"ಗೆಳೆತನ ಎಲ್ಲೀದೋ ತಮ್ಮಾ, ಉಣ್ಣಿ ತಿನ್ನಾಕ ಕುಂತೈತಿ. ಉಣ್ಣಿ ಮುಗೀಲಿ, ಹೆಂಗ ಹಾರಿ ಹೋಗತೈತಿ ನೋಡು!"

ಮೆಲುಕು

ಅಂದಿನಿಂದ ಅವರು ಪೇಟೆಗೆ ಬಂದಾಗಲೆಲ್ಲ ಆಡತೊಡಗಿದರು. ಉಳಿದವರು ಬಟನ್ ಕುಟ್ಟಿ ಕುಟ್ಟಿ ಎತ್ತನ್ನು ಓಡಿಸಿದರೆ, ಇವರು ಒಮ್ಮೆ ಅದನ್ನು ಮರದ ನೆರಳಿಗೆ ನಿಲ್ಲಿಸಿ ಸುಮ್ಮನೆ ಕುಳಿತರು. ನೋಡನೋಡುತ್ತಿದ್ದಂತೆ ಎತ್ತು ಕಾಲು ಮಡಚಿ ಮಲಗಿ ಮೆಲುಕು ಹಾಕಿತು! ಹಕ್ಕಿ ರೆಕ್ಕೆಯೊಳಗೆ ಕೊಕ್ಕು ತುರುಕಿ ಕಣ್ಣು ಮುಚ್ಚಿತು. ಅಂಗಡಿಯ ಮಾಲೀಕನಾದ ನಾನೇ ಇದನ್ನು ಕಂಡಿರಲಿಲ್ಲ.

"ಈ ಆಟ ಮಾಡಿದಾಂವ ದನಾ ಕಟ್ಟಿದ ಮನ್ಯಾಂವ ಇರಬೇಕು," ಎಂದರು ಯಜಮಾನರು. ಆ ಕಾಣದ ಪುಣ್ಯಾತ್ಮನಿಗೆ ನಾನೂ ಮನಸ್ಸಿನಲ್ಲೇ ಕೈಮುಗಿದೆ.

ಸರದಿಗಾಗಿ ಕಾಯುತ್ತಿದ್ದವರು ಕೂಗಿದರು, "ಯಜಮಾನ್ರ, ಆಟ ಆಡ್ರಿ!"

"ತಡೀರಪಾ, ತಿಂದದ್ದು ಅರಗಲಿ."

ಸೋಮವಾರ

ಕಾರಟಗಿಯಲ್ಲೂ ಒಬ್ಬ ಇದೇ ಆಟದ ಅಂಗಡಿ ತೆರೆದ. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರತೊಡಗಿದರು. ಹೀಗೇ ನಡೆದರೆ ಬಾಗಿಲು ಹಾಕುವುದೇ ಗತಿ ಎಂದು ನಾನು ಅವನನ್ನು ಪಂದ್ಯಕ್ಕೆ ಕರೆದೆ; ಗೆದ್ದವರ ಅಂಗಡಿಗೇ ಜನ ಬರುತ್ತಾರೆಂದು ನನ್ನ ಲೆಕ್ಕ. ನನ್ನ ಕಡೆ ನವಲಿ ಯಜಮಾನರು, ಅವನ ಕಡೆ ಕಾರಟಗಿಯ ಇನ್ನೊಬ್ಬ ರೈತ. ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದರು.

ರಿಮೋಟ್ ಕೈಗಿಟ್ಟೆ. ಯಜಮಾನರು ಕೇಳಿದರು, "ಇವತ್ತ ಯಾವ ವಾರ?"

"ಸೋಮವಾರ್ರಿ."

ರಿಮೋಟ್ ಕೆಳಗಿಟ್ಟುಬಿಟ್ಟರು. "ಬಸವಣ್ಣನ ವಾರ. ಎತ್ತು ಹೂಡಂಗಿಲ್ಲ."

"ಇದು ಟೀವಿ ಎತ್ರಿ! ನನ್ನ ಅಂಗಡಿ ಮುಚ್ಚತೈತ್ರಿ!"

"ಯಾವ ಎತ್ತಾದ್ರೂ ಎತ್ತೇ. ವಾರಕ್ಕ ಒಂದಿನ ಅದಕ್ಕೂ ಬಿಡುವು ಬೇಕು."

ಸಿಟ್ಟು ಬಂದರೂ ಆ ಮನುಷ್ಯನ ಬಗ್ಗೆ ಹೆಮ್ಮೆಯೂ ಆಯಿತು. ಕಾರಟಗಿಯ ಅಂಗಡಿಯವನು ಗೆದ್ದೆನೆಂದು ಹಲ್ಲು ಕಿರಿಯುವಷ್ಟರಲ್ಲಿ ಅವನ ರೈತನೂ ಗಲ್ಲ ಗಲ್ಲ ಬಡಿದುಕೊಂಡು ಎದ್ದ. "ನೆನಪು ಮಾಡಿ ಪುಣ್ಯಾ ಕಟ್ಟಿಕೊಂಡ್ರಿ ಯಜಮಾನ್ರ!"

ಇಬ್ಬರೂ ಹೆಗಲಿಗೆ ಹೆಗಲು ಹಚ್ಚಿ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಜನ ಬಿಡಬೇಕಲ್ಲ? ಕೊನೆಗೆ ಅಂಗಡಿ ಮಾಲೀಕರಾದ ನಾವಿಬ್ಬರೇ ಆಡಬೇಕಾಯಿತು. ಆಟ ಆಡಿಸುವವರಿಗೆ ಆಟ ಬರಬೇಕೆಂದೇನಿಲ್ಲ. ಅವನ ಎತ್ತು ಮೊದಲನೇ ಗುಂಡಿಗೇ ಬಿತ್ತು. ನನ್ನದು ಗುಂಡಿಯ ತನಕವೂ ಹೋಗದೆ ಗಿಡಕ್ಕೆ ಹಾಯ್ದು ಸತ್ತಿತು.

ನಕ್ಕೂ ನಕ್ಕೂ ಸುಸ್ತಾದ ಜನರ ನಡುವೆ ನವಲಿ ಯಜಮಾನರೊಬ್ಬರೇ ನಗಲಿಲ್ಲ. ನನ್ನ ಬೆನ್ನು ತಟ್ಟಿ, ಸಮಾಧಾನದಿಂದ ಅಂದರು:

"ಸೋಮವಾರ ಹೂಡಿದ್ರ ಹಿಂಗ ಆಗೂದು."