ತಳಿ ನಂಬಿ ಮಲಗಿದ ಮಾವ

ನಮ್ಮ ಸೋದರಮಾವ ಮನುಷ್ಯರನ್ನೂ ದನಗಳ ಹಾಗೇ ನೋಡುತ್ತಾರೆ. ತಪ್ಪು ತಿಳಿಯಬೇಡಿ, ಅವರು ಯಾರಿಗಾದರೂ ಕೊಡಬಹುದಾದ ಅತಿ ದೊಡ್ಡ ಮರ್ಯಾದೆ ಅದು! ಪಾಂಡವಪುರದ ಸುತ್ತಮುತ್ತ ಹಳ್ಳಿಕಾರ್ ತಳಿಯ ಎತ್ತು ಕೊಳ್ಳುವವರು ಮೊದಲು ಇವರನ್ನು ಕರೆದೊಯ್ಯುತ್ತಾರೆ. ಸುಳಿ, ಹಲ್ಲು, ಗೊರಸು ನೋಡಿ ಅದರ ಅಜ್ಜಿ ಯಾರ ಕೊಟ್ಟಿಗೆಯದೆಂದು ಹೇಳಬಲ್ಲರು. ನನಗೆ ಹೆಣ್ಣು ನೋಡಲು ಅಕ್ಕಿಹೆಬ್ಬಾಳಿಗೆ ಬಂದಾಗಲೂ ಹುಡುಗಿಯ ಅಜ್ಜಿಗೆ ಎಷ್ಟು ಹಲ್ಲು ಉಳಿದಿವೆಯೆಂದು ವಿಚಾರಿಸಿದರು. ಹುಡುಗಿಯ ಹೆಸರು ಕೇಳುವುದು ಮರೆತೇಹೋಯಿತು.

ಇಂಥವರಿಗೆ ಹೋದ ವರ್ಷ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಬಾಯಿಗೆ ಮಾತ್ರ ಏನೂ ಆಗಲಿಲ್ಲ; ಆಗುವುದುಂಟೇ? ಜೋಡಿ ಎತ್ತಿನ ಹಗ್ಗ ಮತ್ತೆ ಹಿಡಿಯುತ್ತೇನೋ ಇಲ್ಲವೋ ಎಂಬುದೊಂದೇ ಅವರ ಚಿಂತೆ. ಡಾಕ್ಟರು, "ಚೇತರಿಕೆಯಲ್ಲಿ ವಂಶವಾಹಿಗಳ ಪಾತ್ರವೂ ಸ್ವಲ್ಪ ಇರಬಹುದು. ಆದರೆ ದಿನಾ ವ್ಯಾಯಾಮ ಮಾಡಲೇಬೇಕು" ಎಂದರು. ಮಾವ ಕೇಳಿಸಿಕೊಂಡದ್ದು ಮೊದಲರ್ಧ ಮಾತ್ರ.

ಮಂಚದ ಮೇಲೇ ವಂಶಾವಳಿಯ ವಿಚಾರಣೆ ಶುರುವಾಯಿತು. ತೊಣ್ಣೂರಿನ ತಂದೆಯ ಕಡೆ ದೊಡ್ಡಪ್ಪನೊಬ್ಬ ಲಕ್ವ ಹೊಡೆದ ಮೇಲೆ ಏಳಲೇ ಇಲ್ಲ. ನಾಗಮಂಗಲದ ತಾಯಿಯ ಕಡೆ ಅಜ್ಜ ಮಾತ್ರ ಅದೇ ಕಾಯಿಲೆಯಿಂದ ಎದ್ದು ಮತ್ತೆ ಹೊಲ ಉತ್ತಿದ್ದ. "ನಾನು ನಮ್ಮವ್ವನ್ ಕಡೆ ತಳಿ ಕಣ್ಲಾ. ತಂತಾನೇ ಎದ್ದೇಳ್ತೀನಿ" ಎಂದು ನನಗೆ ತೀರ್ಪು ಹೇಳಿ, ವ್ಯಾಯಾಮದ ರಬ್ಬರ್ ಚೆಂಡನ್ನು ಕರುವಿಗೆ ಆಡಲು ಕೊಟ್ಟುಬಿಟ್ಟರು. ಎರಡು ತಿಂಗಳಾದರೂ ತಳಿ ಅಲುಗಲಿಲ್ಲ. ನನಗೆ ಒಳಗೊಳಗೇ ಭಯವಾಯಿತು.

ಒಂದು ಬೆಳಿಗ್ಗೆ ಅತ್ತೆ ಆ ಚೆಂಡನ್ನು ತೊಳೆದು ತಂದು ಮಾವನನ್ನು ಕೇಳಿದರು: "ಒಳ್ಳೆ ತಳಿ ಕರ ಅಂತ ಪಳಗಿಸ್ದೆ ಬುಟ್ರೆ ನೇಗ್ಲು ಎಳ್ದಾದಾ?"

ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಮಾವ ಅತ್ತೆಯ ಮಾತು ಕೇಳಿ, ಬಲಗೈಯಿಂದ ಚೆಂಡು ತೆಗೆದು ಎಡಗೈಯೊಳಗೆ ಇಟ್ಟುಕೊಂಡರು. ಅಂದಿನಿಂದ ಅತ್ತೆ ಅವರ ಎಡಗೈಯನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ಕಟ್ಟಿ ನಡೆಸುವ ಹಾಗೆ ಅಂಗಳದಲ್ಲಿ ನಡೆಸಿದರು. ತಿರುಗು ಎಂದರೆ ತಿರುಗಬೇಕು, ನಿಲ್ಲು ಎಂದರೆ ನಿಲ್ಲಬೇಕು. ಮಾವನ ಬೈಗುಳ ಮೂರು ಬೀದಿಗೆ ಕೇಳುತ್ತಿತ್ತು, ಅತ್ತೆಯೊಬ್ಬರಿಗೆ ಕೇಳಿಸುತ್ತಿರಲಿಲ್ಲ.

ಈಗ ಮಾವ ಹಗ್ಗ ಹಿಡಿಯುತ್ತಾರೆ. ಮೊನ್ನೆ ಡಾಕ್ಟರು, ಚೇತರಿಕೆಯಲ್ಲಿ ವಂಶದ ಪಾಲೆಷ್ಟು ಎಂಬ ಸಂಶೋಧನೆಗೆ ಮಾವನದೂ ಅವರ ಸಂಬಂಧಿಕರದೂ ರಕ್ತ ಬೇಕೆಂದರು. ಮಾವ ಅತ್ತೆಯನ್ನು ಮುಂದೆ ತಳ್ಳಿದರು. "ಇವ್ಳ್ದು ತಗೊಳ್ಳಿ ಸಾ."

"ಅವರು ನಿಮ್ಮ ರಕ್ತಸಂಬಂಧಿ ಅಲ್ಲವಲ್ಲ" ಎಂದು ಡಾಕ್ಟರು ನಕ್ಕರು.

"ಅಲ್ಲ ಬುಡಿ. ಆದ್ರೆ ನನ್ನ ಎಬ್ಬುಸ್ದೋಳು ಇವ್ಳೇಯ."

ಅತ್ತೆ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೂ ಅಳು ತಡೆಯಲಾಗಲಿಲ್ಲ.