ನನ್ನ ಕೊನೇ ಊಟ ಮತ್ತು ಅಪ್ಪನ ಬುಗುರಿ

ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದರೆ ಗ್ಯಾಸ್ ಅನ್ನುತ್ತಾರೆ, ಎರಡು ಮಾತ್ರೆ ನುಂಗಿದರಾಯಿತು ಎಂಬ ಧೈರ್ಯದಲ್ಲಿ ಚನ್ನಪಟ್ಟಣದ ಡಾಕ್ಟರ ಮುಂದೆ ಕುಳಿತಿದ್ದೆ. ಅವರು ರಿಪೋರ್ಟ್ ನೋಡಿ, "ಮೇದೋಜೀರಕ ಗ್ರಂಥೀಲಿ ಒಂದು ನೀರುಗುಳ್ಳೆ ಇದೆ. ಇಂಥವು ಸಾಮಾನ್ಯವಾಗಿ ಏನೂ ಮಾಡಲ್ಲ. ಒಂದೊಂದು ಮಾತ್ರ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಬೆಂಗಳೂರಲ್ಲಿ ಎಂಆರ್‌ಐ ಮಾಡಿಸಿ. ಖಾಲಿ ಹೊಟ್ಟೇಲಿ ಹೋಗಿ" ಎಂದರು. ಅಷ್ಟುದ್ದದ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಪದ!

ಆ ಸಂಜೆಯೇ ಈ ಲೋಕದಿಂದ ಗೌರವಪೂರ್ವಕವಾಗಿ ಬೀಳ್ಕೊಳ್ಳಲು ನಿರ್ಧರಿಸಿದೆ. ನಮ್ಮಪ್ಪನದು ಮರದ ಬೊಂಬೆ ಕಡೆಯುವ ಕಸುಬಾಗಿತ್ತು. ನಾವು ಚಿಕ್ಕವರಿದ್ದಾಗ ನನಗೂ ಅಕ್ಕನಿಗೂ ಸೇರಿ ಒಂದೇ ಒಂದು ಕೆಂಪು ಬುಗುರಿ ಮಾಡಿಕೊಟ್ಟಿದ್ದರು. ಬೊಂಬೆಗೆ ಬಳಿಯುವ ಬಿಸಿ ಅರಗಿನ ವಾಸನೆ ತುಂಬಿದ ಪಡಸಾಲೆಯಲ್ಲಿ ಅದಕ್ಕಾಗಿ ನಾವು ಜುಟ್ಟು ಹಿಡಿದು ಹೊಡೆದಾಡಿದ್ದೇ ಹೊಡೆದಾಡಿದ್ದು! ಅಕ್ಕ ಮದುವೆಯಾಗಿ ಮಾಗಡಿ ಕಡೆ ಹೋದ ಮೇಲೆ ಅದು ನನ್ನ ಪಾಲಾಯಿತು. ಈಗ ಅವಳ ಕೈಗೆ ಒಪ್ಪಿಸಿಯೇ ಕಣ್ಮುಚ್ಚಬೇಕು.

"ಬೆಂಗ್ಳೂರಿಗೆ ನೆಟ್ಟಗೆ ರೈಲೈತೆ. ಮಾಗಡಿ ಸುತ್ಕೊಂಡು ಯಾಕ್ರೀ ಹೋಯ್ತೀರಾ?" ಎಂದಳು ಹೆಂಡತಿ ಜಯ.

"ಅಕ್ಕನ್ನ ಕೊನೇ ಸಲ ನೋಡ್ಬೇಕು ಕಣೇ."

"ಗುಳ್ಳೆ ಇರೋದು ಹೊಟ್ಟೇಲೋ, ತಲೇಲೋ?"

ಮಾಗಡಿ ಬಸ್ಸು ಹತ್ತಿಯೇಬಿಟ್ಟೆ. ವಿಷಯ ಹೇಳಿ ಬುಗುರಿಯನ್ನು ಅಕ್ಕನ ಕೈಗಿಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸುತ್ತಾ ಅತ್ತಳು. ನಾನೂ ಅತ್ತೆ. ಬೆಳಗ್ಗೆ ಬೆಂಗಳೂರಿಗೆ ಹೊರಟರೆ ಬಾಗಿಲಿಗೆ ಅಡ್ಡ ನಿಂತಳು.

"ಖಾಲಿ ಹೊಟ್ಟೇಲಿ ಬಾ ಅಂದವ್ರೆ ಅಕ್ಕ."

"ಒಡಹುಟ್ಟಿದ ತಮ್ಮನ್ನ ಬರೀ ಹೊಟ್ಟೇಲಿ ಕಳಿಸ್ತೀನೇನ್ಲಾ? ಒಸಿ ಉಣ್ಣು!"

ಅಕ್ಕನ 'ಒಸಿ' ಎಂದರೆ ಎರಡು ಮುದ್ದೆ. ಜೊತೆಗೆ ಹಿತಕಿದವರೆ ಸಾರು. ಥೇಟ್ ಅವ್ವನ ಕೈರುಚಿ! ಸಾಯುವವನಿಗೆ ಇನ್ನೇನು ಪಥ್ಯ ಎಂದು ಬೆರಳು ನೆಕ್ಕಿ ಉಂಡೆ.

ಬೆಂಗಳೂರಲ್ಲಿ ನರ್ಸ್ ಕೇಳಿದಳು, "ಏನಾದ್ರೂ ತಿಂದಿದ್ದೀರಾ?" ಕೊನೆಗಾಲದಲ್ಲಿ ಸುಳ್ಳೇಕೆ? "ಎರಡು ಮುದ್ದೆ" ಎಂದೆ. ಸ್ಕ್ಯಾನ್ ಮರುದಿನಕ್ಕೆ ಹೋಯಿತು! ರೈಲಿನಲ್ಲಿ ನೇರ ಬಂದು ಕಾಯುತ್ತಿದ್ದ ಜಯ ನನ್ನನ್ನು ನೋಡಿದ ನೋಟಕ್ಕೆ ಗುಳ್ಳೆ ಅಲ್ಲೇ ಒಡೆಯಬೇಕಿತ್ತು.

ಮರುದಿನ ನಾನು ಉಪವಾಸ. ಯಾರೂ ಹೇಳದಿದ್ದರೂ ಜಯಳೂ ಉಪವಾಸ. ರಿಪೋರ್ಟ್ ಬರುವವರೆಗೆ ನನ್ನ ಕೈ ಬಿಡಲಿಲ್ಲ. ನಿಜ ಹೇಳುತ್ತೇನೆ, ಭಯಕ್ಕೆ ನಾನೂ ಅವಳ ಕೈ ಬಿಡಲಿಲ್ಲ.

ಅಲ್ಲಿನ ಡಾಕ್ಟರು ಹೇಳಿದರು, "ಗುಳ್ಳೆ ಸಣ್ಣದು. ಒಳಗೆ ಗಂಟಿಲ್ಲ, ಪಕ್ಕದ ನಾಳ ಊದಿಕೊಂಡಿಲ್ಲ. ಸದ್ಯಕ್ಕೆ ಭಯ ಬೇಡ. ವರ್ಷ ಬಿಟ್ಟು ಮತ್ತೆ ನೋಡೋಣ."

ಹೊರಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿದೆ. "ಬದುಕ್ಕೊಂಡ್ಯಲ್ಲೋ ನನ್ನಪ್ಪಾ!" ಎಂದು ಗೊಳೋ ಎಂದಳು. ಅಳು ಒಂದಿಷ್ಟು ಇಳಿಯಲಿ ಎಂದು ಕಾದು, ಗಂಟಲು ಸರಿಮಾಡಿಕೊಂಡೆ.

"ಅಕ್ಕ, ನಾನೀಗ ಸಾಯ್ತಿಲ್ವಲ್ಲ... ಆ ಬುಗುರಿ..."

ಅಳು ಟಪ್ಪನೆ ನಿಂತಿತು!

"ಡಾಕ್ಟ್ರು ಏನಂದ್ರು ಅಂದೆ?"

"ವರ್ಷ ಬುಟ್ಟು ನೋಡಣ ಅಂದ್ರು."

"ನಾನೂ ಅಷ್ಟೇ ಕಣ್ಲಾ. ವರ್ಷ ಬುಟ್ಟು ನೋಡಣ!"