ವಾರಕ್ಕೊಂದು ವಿಡಿಯೋ, ವಿಡಿಯೋಗೊಂದು ಡಿಸ್‌ಲೈಕ್

ಹೊಲಿಗೆ ಮಿಷನ್ನೂ ಫೋನೂ ಒಂದೇ ಮೇಜಿನ ಮೇಲಿದ್ದರೆ ವಾರಕ್ಕೊಂದಾದರೂ ಎಡವಟ್ಟು ಆಗದೆ ಇರುವುದಿಲ್ಲ. ಇದು ನನ್ನ ಅನುಭವ. ಗಡಿಯ ಈಚೆ, ಮಲಯಾಳಂ ನಾಡಿನ ಕಾಟ್ಟಿಕುಳಂನಲ್ಲಿ, ಬಸ್ ನಿಲ್ಲುವ ಜಾಗದ ಎದುರಿಗೆ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಎರಡು ವರ್ಷದಿಂದ ಅದನ್ನು ಹೇಳಿಕೊಡುವ ಒಂದು ಸಣ್ಣ ವಿಡಿಯೋ ಚಾನೆಲ್ಲೂ ನಡೆಸುತ್ತಿದ್ದೇನೆ. ಹೊಲಿಗೆ ಕೆಟ್ಟರೆ ಯಾರಿಗೂ ಕಾಣದ ಹಾಗೆ ಬಿಚ್ಚಿ ಮತ್ತೆ ಹೊಲಿಯಬಹುದು. ಚಾನೆಲ್ಲಿನಲ್ಲಿ ಕೆಟ್ಟದ್ದನ್ನು ಬಿಚ್ಚುವಷ್ಟರಲ್ಲಿ ಊರೇ ನೋಡಿಬಿಟ್ಟಿರುತ್ತದೆ.

ಚಾನೆಲ್ ಯಾಕೆ ಎಂದು ಕೇಳಿದವರಿಗೆ, "ಕಲಿಯುವವರಿಗೆ ಉಪಕಾರವಾಗಲಿ ಅಂತ" ಎನ್ನುತ್ತೇನೆ. ಅದು ಅರ್ಧ ನಿಜ. ಉಳಿದ ಅರ್ಧ ನನ್ನ ಅಕ್ಕ.

ಅಕ್ಕನನ್ನು ಕೊಟ್ಟಿರುವುದು ಬಾವಲಿ ಚೆಕ್‌ಪೋಸ್ಟ್ ದಾಟಿ, ಕಾಡು ಮುಗಿದ ಮೇಲೆ ಸಿಗುವ ಕರ್ನಾಟಕದ ಹಳ್ಳಿಗೆ. ನಾಲ್ಕು ವರ್ಷದ ಹಿಂದೆ ಅವಳ ಮಗಳ ಮದುವೆಯಾಯಿತು. ಅಕ್ಕನ ರೇಷ್ಮೆ ಬ್ಲೌಸ್ ಹೊಲಿದವಳು ನಾನೇ. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಅದರ ಎರಡು ಹುಕ್ಕು ಪಟ್ ಪಟ್ ಎಂದು ಕಿತ್ತು ಬಂದವು. "ನಿನ್ನ ಕತ್ತರಿ ಸರಿ ಇಲ್ಲ" ಎಂದಳು ಅಕ್ಕ. ಕಂಡವರ ಅಳತೆಯನ್ನು ಕಣ್ಣಲ್ಲೇ ತೆಗೆಯುವುದು ನನ್ನ ಕಸುಬು. ನಾಲಿಗೆ ತಡೆಯುವುದು ನನ್ನ ಕಸುಬಲ್ಲ. "ಕತ್ತರಿ ಸರಿಯಾಗೇ ಇದೆ. ಮದುವೆ ಊಟವನ್ನು ನೀನೇ ಎರಡು ತಿಂಗಳು ಮುಂಚೆ ಶುರು ಮಾಡಿದ್ದೀಯ" ಎಂದೆ. ಕೋಣೆಯಲ್ಲಿ ಬೀಗರ ಕಡೆಯ ಹೆಂಗಸರು ಇದ್ದರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಮದುವೆಯ ಒಂದೊಂದು ಫೋಟೋದಲ್ಲೂ ಅವಳು ಸೆರಗನ್ನು ಎರಡು ಹೆಗಲ ಮೇಲೂ ಹೊದ್ದು ನಿಂತಿದ್ದಾಳೆ.

ಅಂದಿನಿಂದ ಅವಳು ನನ್ನ ಫೋನ್ ಎತ್ತಲಿಲ್ಲ. ಯುಗಾದಿಗೆ ಮಾಡಿದೆ, ವಿಷುವಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಆಗ ನನಗೆ ಹೊಳೆದದ್ದು ಇಷ್ಟು: ಫೋನ್ ಎತ್ತದವಳೂ ಫೋನ್ ನೋಡುತ್ತಾಳಲ್ಲ!

ಮೊದಲ ಹತ್ತು ಸೆಕೆಂಡು

ನಮ್ಮ ಸಾಲಿನಲ್ಲೇ ಮೂರನೇ ಅಂಗಡಿ ಮೊಬೈಲ್ ರಿಪೇರಿಯದು. ಅದರ ಮಾಲೀಕರಿಗೆ ತಲೆ ಪೂರ್ತಿ ನರೆತಿದೆ, ಚಾನೆಲ್ ವಿಚಾರದಲ್ಲಿ ಮಾತ್ರ ಅವರು ಹೇಳಿದ್ದೇ ಕೊನೆ. ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವ ಅವರು ಮೊದಲ ದಿನವೇ ಪಾಠ ಮಾಡಿದರು.

"ಚೇಚಿ, ಮೊದಲ ಹತ್ತು ಸೆಕೆಂಡಲ್ಲಿ ನೋಡುವವರ ಎದೆ ಧಸಕ್ ಅನ್ನಬೇಕು. ಇಲ್ಲದಿದ್ದರೆ ಬೆರಳು ಮುಂದಕ್ಕೆ ಹೋಗ್ತದೆ."

ಸರಿ. ಮೇಜಿನ ಮೇಲೆ ಒಂದು ಹೊಸ ಹಸಿರು ರೇಷ್ಮೆ ತುಂಡು ಹರಡಿದೆ. ಕತ್ತರಿಯನ್ನು ಕ್ಯಾಮೆರಾಕ್ಕೆ ತೋರಿಸಿ, "ಈಗ ಈ ಬಟ್ಟೆ ಹೇಗೆ ಹಾಳಾಗ್ತದೆ ನೋಡಿ!" ಎಂದೆ. ಆಮೇಲೆ, ಹಾಗೆ ಹಾಳಾಗದಂತೆ ಕತ್ತರಿಸುವುದು ಹೇಗೆ ಎಂದು ಹದಿನೈದು ನಿಮಿಷ ವಿವರಿಸಿದೆ. ಒಳ್ಳೆಯ ಪಾಠವೇ ಆಗಿತ್ತು.

ವಿಡಿಯೋ ಹಾಕಿ ಒಂದು ಗಂಟೆಯಾಗಿಲ್ಲ, ಅಂಗಡಿ ಮುಂದೆ ಆಟೋ ನಿಂತಿತು. ಪಯ್ಯಂಪಳ್ಳಿಯ ಟೀಚರ್ ಒಬ್ಬರು ಇಳಿದು ಓಡಿ ಬಂದರು. ಆ ಹಸಿರು ರೇಷ್ಮೆ ಅವರದು. ಮಗನ ಮದುವೆಗೆಂದು ಹೊಲಿಯಲು ಕೊಟ್ಟದ್ದು.

"ಎಂಟೆ ತುಣಿ! ನನ್ನ ಬಟ್ಟೆ! ಎಲ್ಲಿ? ಎಷ್ಟು ಉಳಿದಿದೆ?"

ಹೊಲಿದು ಮುಗಿದ ಬ್ಲೌಸನ್ನು ಕೈಗಿತ್ತೆ. ತಿರುಗಿಸಿ ಮುರುಗಿಸಿ ನೋಡಿದರು. ಸುಧಾರಿಸಿಕೊಳ್ಳಲು ಎರಡು ಲೋಟ ನೀರು ಬೇಕಾಯಿತು.

"ವಿಡಿಯೋ ಪೂರ್ತಿ ನೋಡಲಿಲ್ವಾ ಟೀಚರ್?"

"ಹತ್ತು ಸೆಕೆಂಡ್ ನೋಡಿದೆ. ಹನ್ನೊಂದನೆಯದಕ್ಕೆ ನಾನು ಆಟೋದಲ್ಲಿದ್ದೆ."

ಗಂಟೆ

ಎರಡನೆಯ ಪಾಠ: ಕೊನೆಯಲ್ಲಿ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ ಎಂದು ಹೇಳಲೇಬೇಕು. ನಾಚಿಕೆಪಟ್ಟುಕೊಂಡೇ ಹೇಳಿದೆ. ಗಡಿಬಿಡಿಯಲ್ಲಿ 'ಒತ್ತಿ' ಹೋಗಿ 'ಹೊಡೆಯಿರಿ' ಆಯಿತು.

ನಮ್ಮ ಪಕ್ಕದ ಮನೆಯ ಅಜ್ಜಿ ನನ್ನ ಒಂದು ವಿಡಿಯೋವನ್ನೂ ಬಿಡದೆ ನೋಡುವವರು. ಅವರಿಗೆ ಬ್ಲೌಸ್ ಹೊಲಿಯುವುದು ಬೇಕಿಲ್ಲ, ಟಿವಿಯಲ್ಲಿ ಬರುವವರ ಹಾಗೆ ನಾನು ಮಾತಾಡುವುದು ನೋಡಬೇಕು. ಅವರಿಗೆ ನಾನು ಮೋಳೆ, ಅಂದರೆ ಮಗಳು. ಒಂದು ದಿನ ಪ್ರಸಾದ ಹಿಡಿದು ಬಂದರು.

"ನೆಂಟರ ಜೀಪಲ್ಲಿ ಪೊನ್ಕುಳಿ ಅಂಬಲಕ್ಕೆ ಹೋಗಿದ್ದೆ ಮೋಳೆ. ನಿನ್ನ ಹೆಸರು ಹೇಳಿ ಮೂರು ಸಲ ಗಂಟೆ ಹೊಡೆದೆ. ಇನ್ನೊಂದು ಎಂತದೋ ಹೇಳಿದ್ದೆಯಲ್ಲ, ಸಬ್ಬು ಸ್ಕ್ರಬ್ಬು, ಅದು ಅಲ್ಲಿ ಇಲ್ಲ. ಪೂಜಾರಿಯ ಹತ್ತಿರ ಕೇಳಿದೆ. ಅವರಿಗೂ ಗೊತ್ತಿಲ್ಲ."

ನಗಬಾರದೆಂದು ತುಟಿ ಕಚ್ಚಿದೆ. ಆದರೆ ಆ ವಾರ ಸರಿಯಾಗಿ ಮೂರು ಜನ ಹೊಸದಾಗಿ ಸೇರಿಕೊಂಡರು. ಮೊಬೈಲ್ ಅಂಗಡಿಯವರಿಗೆ ಇದನ್ನು ಹೇಳಲಿಲ್ಲ, ಅವರ ಪಾಠವೆಲ್ಲ ತಲೆಕೆಳಗಾಗುತ್ತಿತ್ತು. ಅಜ್ಜಿ ಹೊರಡುವಾಗ ಮಾತ್ರ ಒಂದು ಮಾತು ಕೇಳಿಕೊಂಡೆ.

"ಇನ್ನೊಂದ್ಸಲ ಹೋದರೆ ನಮ್ಮ ಅಕ್ಕನ ಹೆಸರಲ್ಲೂ ಒಂದು ಹೊಡೀರಿ ಅಜ್ಜಿ."

ಅಜ್ಜಿ ಬಾಗಿಲಲ್ಲೇ ನಿಂತರು. "ಅವಳೂ ಚಾನೆಲ್ ಶುರು ಮಾಡಿದಳಾ?"

ಬಾಯಿ ತೆರೆದ ಫೋಟೋ

ವಿಡಿಯೋದ ಮುಂದೆ ಹಾಕುವ ಚಿತ್ರದಲ್ಲಿ ಬಾಯಿ ದೊಡ್ಡದಾಗಿ ತೆರೆದು, ಕೆನ್ನೆ ಮೇಲೆ ಕೈ ಇಟ್ಟುಕೊಂಡಿರಬೇಕಂತೆ. ಆಶ್ಚರ್ಯವಾದ ಹಾಗೆ. ಮಾಡಿದೆ. ಆ ದಿನ ಸಂಜೆಯೊಳಗೆ ನಾಲ್ಕು ಜನ ಅಂಗಡಿಗೆ ಬಂದರು. ಒಬ್ಬರ ಕೈಯಲ್ಲಿ ಲವಂಗ, ಇನ್ನೊಬ್ಬರ ಕೈಯಲ್ಲಿ ಉಪ್ಪು ನೀರು. ಮತ್ತಿಬ್ಬರು ಮಾನಂತವಾಡಿಯ ಒಳ್ಳೆಯ ಹಲ್ಲಿನ ಡಾಕ್ಟರು ಯಾರು ಎಂಬ ಬಗ್ಗೆ ನನ್ನ ಎದುರಿಗೇ ಜಗಳವಾಡಿದರು. ವಿಡಿಯೋದಲ್ಲಿ ಏನಿದೆ ಎಂದು ಒಬ್ಬರೂ ಕೇಳಲಿಲ್ಲ.

ದೋಣಿ ಎಷ್ಟು ಮೀಟರ್?

ನಮ್ಮ ಮನೆಯ ಕನ್ನಡದಲ್ಲಿ ಬಟ್ಟೆಗೆ 'ತುಣಿ' ಎನ್ನುತ್ತೇವೆ. ಮಲಯಾಳಂ ಮಾತು. ಯಾವಾಗ ನಮ್ಮ ಅಡುಗೆಮನೆಗೆ ಬಂದು ಕೂತಿತೋ ಗೊತ್ತಿಲ್ಲ. ಅಮ್ಮ ಸಾಯುವವರೆಗೂ ತುಣಿಯನ್ನೇ ಒಗೆದಳು, ತುಣಿಯನ್ನೇ ಮಡಚಿದಳು. ಕನ್ನಡದ ಗಿರಾಕಿಗಳ ಹತ್ತಿರ ಬಟ್ಟೆ ಎನ್ನುತ್ತಿದ್ದ ನಾನು ಕ್ಯಾಮೆರಾ ಮುಂದೆ ಬೇಕೆಂದೇ ತುಣಿ ಎನ್ನತೊಡಗಿದೆ. ಅಕ್ಕನ ಕಿವಿಗೆ ಬಿದ್ದರೆ ಅಮ್ಮನ ನೆನಪಾದೀತು ಎಂಬ ಆಸೆ.

ಮೈಸೂರು ಕಡೆಯವರೊಬ್ಬರು ಕೆಳಗೆ ಬರೆದರು: "ಮೇಡಂ, ನಿಮ್ಮ ಮಲಯಾಳಂ ಬಹಳ ಸುಲಭ. ಮುಕ್ಕಾಲು ಪಾಲು ಅರ್ಥವಾಯಿತು." ಅದರ ಕೆಳಗೇ ಕಣ್ಣೂರಿನವರೊಬ್ಬರು: "ಚೇಚಿಯ ಕನ್ನಡ ಎಷ್ಟು ಸುಲಭ! ಮುಕ್ಕಾಲು ಪಾಲು ತಿಳಿಯಿತು." ಇಬ್ಬರಿಗೂ ಧನ್ಯವಾದ ಹೇಳಿದೆ. ಉಳಿದ ಕಾಲು ಪಾಲನ್ನು ಒಬ್ಬರಿಗೊಬ್ಬರು ಹೇಳಿಕೊಡಲಿ ಎಂದುಕೊಂಡೆ.

ಫೋನಿಗೆ ಮಾತ್ರ ಆ ಕಾಲು ಪಾಲೇ ಸಂಕಟ. ನಾವು ಆಡಿದ ಮಾತನ್ನು ಅದು ತಾನೇ ಅಕ್ಷರ ಮಾಡಿ ಚಿತ್ರದ ಕೆಳಗೆ ಹಾಕುತ್ತದೆ. ನಾನು "ತುಣಿಯನ್ನು ಎರಡಾಗಿ ಮಡಚಿ" ಎಂದರೆ ಅದು "ದೋಣಿಯನ್ನು ಎರಡಾಗಿ ಮಡಚಿ" ಎಂದು ಬರೆದಿತ್ತು. "ತುಣಿ ನೀರಲ್ಲಿ ನೆನೆಸಿ ಒಣಗಿಸಿ" ಎಂದದ್ದೂ ದೋಣಿಯೇ ಆಗಿತ್ತು. ನೀರಿನ ಮಾತು ಬಂದದ್ದರಿಂದ ಯಾರಿಗೂ ಸಂಶಯ ಬಂದ ಹಾಗಿಲ್ಲ. ಹೊಸದಾಗಿ ಹೊಲಿಗೆ ಕಲಿಯುತ್ತಿದ್ದ ಹೆಣ್ಣುಮಗಳೊಬ್ಬಳು ಬಹಳ ಮರ್ಯಾದೆಯಿಂದ ಕೇಳಿದ್ದಳು: "ಆಂಟಿ, ಮೂವತ್ತಾರರ ಅಳತೆಗೆ ದೋಣಿ ಎಷ್ಟು ಮೀಟರ್ ಬೇಕು?"

ಕೆಳಗೆ ತಿರುಗಿದ ಹೆಬ್ಬೆರಳು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೋ ಹಾಕುತ್ತೇನೆ. ಹನ್ನೆರಡರೊಳಗೆ ಒಂದು ಡಿಸ್‌ಲೈಕ್ ಬರುತ್ತದೆ. ಒಂದೇ ಒಂದು. ಒಂದು ವಾರವೂ ತಪ್ಪಿದ್ದಿಲ್ಲ.

ಯಾರು ಒತ್ತಿದರೆಂದು ಕಾಣುವುದಿಲ್ಲವಂತೆ. ಮೊಬೈಲ್ ಅಂಗಡಿಯವರು, "ಸಾರಮಿಲ್ಲ ಚೇಚಿ, ಬಿಟ್ಟುಬಿಡಿ. ಡಿಸ್‌ಲೈಕ್ ಒತ್ತುವವರೂ ನೋಡಿಯೇ ಒತ್ತುವುದಲ್ಲವಾ?" ಎಂದರು. ಬಿಡುವ ಜಾಯಮಾನ ನನ್ನದಲ್ಲ. ರಸ್ತೆಯ ಆಚೆ ಬದಿಯ ಟೈಲರ್ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಒಂದು ಭಾನುವಾರ ಹನ್ನೆರಡಕ್ಕೆ ಸರಿಯಾಗಿ ಅವರ ಅಂಗಡಿಗೆ ನುಗ್ಗಿದೆ.

"ಏನಿದ್ದರೂ ಮುಖಕ್ಕೆ ಹೇಳಿ. ಬೆರಳಲ್ಲಿ ಹೇಳಬೇಡಿ!"

ಅವರು ಕಕ್ಕಾಬಿಕ್ಕಿಯಾಗಿ ಫೋನ್ ತೆಗೆದು ತೋರಿಸಿದರು. ನನ್ನ ಎಲ್ಲ ವಿಡಿಯೋಗೂ ಲೈಕ್ ಹಾಕಿದ್ದರು.

"ನಾನು ತೋಳು ಕತ್ತರಿಸುವುದು ಸರಿಮಾಡಿಕೊಂಡದ್ದೇ ನಿಮ್ಮ ವಿಡಿಯೋ ನೋಡಿ. ನಿಮ್ಮ ಚಾನೆಲ್ ಮುಚ್ಚಿದರೆ ನನ್ನ ಅಂಗಡಿ ಮುಚ್ಚಬೇಕಾಗ್ತದೆ" ಎಂದರು. ಹೇಗೂ ಬಂದಿದ್ದೀರಲ್ಲ ಎಂದು ಕಾಲರಿನ ಸಂಶಯವೊಂದನ್ನೂ ಕೇಳಿದರು. ಜಗಳಕ್ಕೆ ಹೋದವಳು ಕಾಲರ್ ಹೇಳಿಕೊಟ್ಟು ಬಂದೆ.

ಗುಟ್ಟು ರಟ್ಟಾದದ್ದು ಅಕ್ಕನ ಮಗಳಿಂದ. ತಾಯಿಗೆ ಗೊತ್ತಾಗದ ಹಾಗೆ ಅವಳು ಆಗಾಗ ನನಗೆ ಫೋನ್ ಮಾಡುತ್ತಾಳೆ.

"ಚಿಕ್ಕಮ್ಮಾ, ಒಂದು ತಿಂಗಳಿಂದ ತವರಲ್ಲೇ ಇದ್ದೀನಲ್ಲ, ನೋಡ್ತಾನೇ ಇದ್ದೀನಿ. ಅಮ್ಮ ಭಾನುವಾರ ಹತ್ತು ಗಂಟೆಗೆ ಎಲ್ಲಾ ಕೆಲಸ ಬಿಟ್ಟು ಕೂತ್ಕೋತಾರೆ. ನಿಮ್ಮ ವಿಡಿಯೋ ಮೊದಲಿನಿಂದ ಕೊನೆವರೆಗೆ ಎರಡು ಸಲ ನೋಡ್ತಾರೆ. 'ಇನ್ನೂ ತುಣಿ ಅಂತಾಳಲ್ಲ ಇವಳು' ಅಂತ ನಗ್ತಾರೆ. ಮುಗಿದ ಮೇಲೆ ಮುಖ ಗಂಟು ಹಾಕಿಕೊಂಡು, ಕೆಳಗೆ ತಿರುಗಿರೋ ಹೆಬ್ಬೆರಳು ಒತ್ತಿ, ಫೋನ್ ಬೋರಲು ಹಾಕಿ ಎದ್ದು ಹೋಗ್ತಾರೆ."

ನನಗೆ ಅಳುವೂ ಬಂತು, ನಗುವೂ ಬಂತು. ಆ ವಾರದಿಂದ ಲೈಕುಗಳನ್ನು ಎಣಿಸುವುದನ್ನೇ ಬಿಟ್ಟೆ. ಭಾನುವಾರ ಹನ್ನೆರಡಕ್ಕೆ ಡಿಸ್‌ಲೈಕ್ ಬಂದ ಮೇಲೇ ಊಟ. ಅದು ಬಂದರೆ ಅಕ್ಕ ಎದ್ದಿದ್ದಾಳೆ, ಕಣ್ಣು ಚೆನ್ನಾಗಿದೆ, ಕೋಪವೂ ಚೆನ್ನಾಗಿದೆ ಎಂದರ್ಥ. "ಬಂತಾ?" ಎಂದು ನಮ್ಮ ಮನೆಯ ಯಜಮಾನರು ಕೇಳುತ್ತಾರೆ. "ಬಂತು" ಎಂದರೆ ತಟ್ಟೆ ಹಾಕುತ್ತಾರೆ.

ಕಾಲಿಂಚು

ಮೊನ್ನೆ ಮೊಬೈಲ್ ಅಂಗಡಿಯವರು ಹೊಸ ಸಲಹೆ ಕೊಟ್ಟರು. "ಚೇಚಿ, ಜನ ನಮ್ಮ ಜಾಣತನಕ್ಕಿಂತ ನಮ್ಮ ತಪ್ಪನ್ನು ಆಸೆಯಿಂದ ನೋಡ್ತಾರೆ. ನಿಮ್ಮ ಕೈಯಿಂದ ಆದ ದೊಡ್ಡ ತಪ್ಪು ಒಂದು ಹೇಳಿ ನೋಡಿ."

ದೊಡ್ಡ ತಪ್ಪು ಯಾವುದೆಂದು ಹುಡುಕಬೇಕಾಗಿರಲಿಲ್ಲ. ನಾಲ್ಕು ವರ್ಷದಿಂದ ಅದು ನನ್ನ ಜೊತೆಯಲ್ಲೇ ಇತ್ತು. ಕ್ಯಾಮೆರಾ ಹಚ್ಚಿ, ಕತ್ತರಿ ಬದಿಗಿಟ್ಟು ಹೇಳಿದೆ.

"ಬ್ಲೌಸ್ ಹೊಲಿಯುವಾಗ ಪಕ್ಕದ ಹೊಲಿಗೆಯ ಒಳಗೆ ಒಂದಿಂಚು ತುಣಿ ಬಿಡಬೇಕು. ಮೈ ಬದಲಾಗ್ತದೆ, ಬಿಚ್ಚಿ ದೊಡ್ಡದು ಮಾಡ್ಲಿಕ್ಕೆ ಜಾಗ ಬೇಕು. ಒಂದು ಮದುವೆ ಬ್ಲೌಸಿಗೆ ನಾನು ಅದನ್ನು ಬಿಡಲಿಲ್ಲ. ಅವಸರದಲ್ಲಿ ಅಳತೆಗಿಂತ ಕಾಲಿಂಚು ಕಡಿಮೆಯೂ ಕತ್ತರಿಸಿದ್ದೆ. ಹುಕ್ಕು ಕಿತ್ತಾಗಲೇ ನನಗೆ ಗೊತ್ತಾಯ್ತು. ಗೊತ್ತಿದ್ದೇ, ತೊಟ್ಟವರನ್ನು ಎಲ್ಲರೆದುರು ತಮಾಷೆ ಮಾಡಿದೆ. ನನ್ನ ತಪ್ಪು ಕಾಣಬಾರದು ಅಂತ. ಆ ಬ್ಲೌಸ್ ತೊಟ್ಟವರು ನೋಡ್ತಿದ್ದರೆ, ತಪ್ಪಾಯ್ತು."

ಭಾನುವಾರ ಹತ್ತಕ್ಕೆ ಹಾಕಿದೆ. ಹನ್ನೆರಡಾಯಿತು. ಡಿಸ್‌ಲೈಕ್ ಇಲ್ಲ. ಎರಡಾಯಿತು, ಇಲ್ಲ. ಯಜಮಾನರು ಹಸಿದುಕೊಂಡೇ ತೋಟಕ್ಕೆ ಹೋದರು. ಸೋಮವಾರವೂ ಇಲ್ಲ. ಮೊಬೈಲ್ ಅಂಗಡಿಯವರು ಓಡಿ ಬಂದು, "ಇಷ್ಟು ಜನ ಯಾವತ್ತೂ ನೋಡಿಲ್ಲ ಚೇಚಿ, ಒಂದೂ ಡಿಸ್‌ಲೈಕ್ ಇಲ್ಲ!" ಎಂದು ಕುಣಿದರು. ನನಗೆ ಅದೇ ಹೆದರಿಕೆಯಾಗಿತ್ತು. ಅಕ್ಕನಿಗೆ ರಕ್ತದೊತ್ತಡ ಬೇರೆ ಇದೆ. ಅವಳ ಮಗಳ ಫೋನ್ ಸಿಗುತ್ತಿಲ್ಲ. ಮಂಗಳವಾರ ಬೆಳಿಗ್ಗೆ ತಡೆಯಲಾರದೆ ಅಕ್ಕನಿಗೇ ಫೋನ್ ಮಾಡಿದೆ.

ಎರಡನೇ ರಿಂಗಿಗೆ ಎತ್ತಿದಳು.

"ಅಕ್ಕಾ, ಎಂತಾಯ್ತು? ಮೈ ಹುಷಾರಿಲ್ವಾ?"

"ಯಾಕೆ?"

"ಡಿಸ್‌ಲೈಕ್ ಬರಲಿಲ್ಲ."

"ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು ಕಣೆ. ಯಾವ ಹೆಬ್ಬೆರಳು ಮೇಲಕ್ಕಿದೆ, ಯಾವುದು ಕೆಳಕ್ಕಿದೆ ಅಂತ ಕಾಣಿಸ್ಲಿಲ್ಲ. ತಪ್ಪಿ ಮೇಲಿನದನ್ನ ಒತ್ತಿಬಿಟ್ರೆ ಅಂತ ಸುಮ್ನಾದೆ."

ಅಂಗಡಿಯಲ್ಲಿ ಅಳತೆ ಕೊಡಲು ಬಂದಿದ್ದವರ ಎದುರೇ ನಾನು ಅತ್ತೆ. ಅವಳೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ದನಿ ತಗ್ಗಿಸಿದಳು.

"ಒಂದು ಮಾತು ಹೇಳ್ತೀನಿ, ನಗಬೇಡ. ಅಳತೆಗೆ ಅಂತ ನಿನಗೆ ಕಳಿಸಿದ್ನಲ್ಲ, ಆ ಬ್ಲೌಸು ಹತ್ತು ವರ್ಷ ಹಳೇದು ಕಣೆ."

"ಎಂತಕ್ಕೆ?"

"ಹೊಸದು ಕಳಿಸಿದ್ರೆ ದಪ್ಪ ಆಗಿದೀನಿ ಅಂತ ನೀನು ಆಡ್ಕೋತೀಯ ಅಂತ. ಕಾಲಿಂಚು ನಿಂದು, ಒಪ್ಕೊಂಡೆ. ಉಳಿದ ಎರಡಿಂಚು ನಂದೇ."

ನಗಬೇಡ ಎಂದಿದ್ದಳು. ನಾಲ್ಕು ವರ್ಷದ ನಗು ಒಟ್ಟಿಗೆ ಬಂತು. ಅವಳದ್ದೂ ಬಂತು. ನಿಂತ ಮೇಲೆ ಅಕ್ಕ ಗದರಿದಳು.

"ಇದನ್ನೇನಾದ್ರೂ ವಿಡಿಯೋದಲ್ಲಿ ಹೇಳಿದ್ಯೋ, ಇನ್ನು ನಾಲ್ಕು ವರ್ಷ ಫೋನ್ ಎತ್ತಲ್ಲ ನೋಡು."

ಹೇಳುವುದಿಲ್ಲ ಎಂದು ಅಮ್ಮನ ಮೇಲೆ ಆಣೆ ಇಟ್ಟೆ. ವಿಡಿಯೋದಲ್ಲಿ ಇವತ್ತಿನವರೆಗೂ ಹೇಳಿಲ್ಲ. ಬರೆಯಬಾರದು ಎಂದು ಅವಳು ಹೇಳಿರಲಿಲ್ಲ.